ಜೇಬಿನೊಳಗಿನ ಅಳಿಲು

ಫೆಬ್ರವರಿ ೯, ಭಾನುವಾರ
ಕಾಲೇಜ್ ಹಾಸ್ಟೆಲಿನಿಂದ, ಕಿಟಕಿ ಪಕ್ಕದ ಮಂಚದ ಮೇಲೆ ಕೂತು

ಬಾಯಲ್ಲಿ ದಾರ ಕಚ್ಚಿಕೊಂಡೇ ಇದನ್ನು ಓದುತ್ತಿರುವ ನನ್ನ ಅಮ್ಮನಿಗೆ,

ಮೊದಲು ದಾರ ಕೆಳಗಿಡು. ಕನ್ನಡಕ ಹಾಕಿಕೋ. ನಾನು ಚೆನ್ನಾಗಿದ್ದೇನೆ. ಜ್ವರ ಇಲ್ಲ, ಯಾರ ಜೊತೆಯೂ ಜಗಳ ಇಲ್ಲ, ಯಾವ ಟೆಸ್ಟಿನಲ್ಲೂ ಫೇಲಾಗಿಲ್ಲ. (ಮ್ಯಾಥ್ಸ್ ಪೇಪರ್ ಇನ್ನೂ ಕೈಗೆ ಕೊಟ್ಟಿಲ್ಲ, ಅದರ ಮಾತು ಈಗ ಬೇಡ.) ನಿನ್ನೆ ಫೋನಿನಲ್ಲಿ ಹೇಳಬೇಕಿದ್ದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ನನಗೆ ‘ಹೂಂ’ ಬಿಟ್ಟು ಬೇರೇನೂ ಬರುವುದಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಸ್ಕೂಲ್ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಸಾಲಾಗಿ ಕೂರಿಸಿ ಮನೆಗೆ ಕಾಗದ ಬರೆಸಿ ಬರೆಸಿ, ನನ್ನ ಬಾಯಿ ಬೆರಳಿಗೆ ಇಳಿದುಬಿಟ್ಟಿದೆ. ನಮ್ಮ ಪಕ್ಕದ ಮನೆ ನರ್ಸಕ್ಕ ಇವತ್ತು ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಾಳೆ, ಅವಳ ಕೈಲಿ ಕೊಡುತ್ತೇನೆ. ನಾಳೆ ಬೆಳಿಗ್ಗೆಯೇ ನಿನಗೆ ಸಿಗುತ್ತದೆ. ಅಂದರೆ ಲಾರಿ ಬರುವ ಮೊದಲೇ.

ವಿಷಯ ಇಷ್ಟೇ. ಬುಧವಾರ ಕಂಪನಿ ಲಾರಿ ಬಂದರೆ ಕಸೂತಿ ಮೆಷಿನ್ ಕೊಡಬೇಡ.

ನೀನೀಗ ಕನ್ನಡಕದ ಮೇಲಿಂದ ನೋಡುತ್ತಿದ್ದೀಯ, ನನಗೆ ಇಲ್ಲಿಂದಲೇ ಕಾಣಿಸುತ್ತದೆ. ಕೊಡದೆ ಏನೇ ಮಾಡ್ಲಿ, ಅದರ ಮೇಲೆ ಕೂತು ಟೀ ಕುಡೀಲಾ ಅಂತ ಕೇಳುತ್ತೀಯ. ಆಸ್ಪತ್ರೆಯವರ ಕೋಟಿನ ಕಟ್ಟು ಬಾಗಿಲ ಪಕ್ಕದಲ್ಲೇ ಇದೆ, ಒಂದೊಂದರ ಎದೆಯ ಮೇಲೂ ಅವರ ಗುರುತು ಹೊಲಿಯಬೇಕು, ಕೈಯಲ್ಲಿ ಹೊಲಿಯಲು ಹೋಗಿ ನಿನ್ನ ಹೆಬ್ಬೆರಳಿನ ಚರ್ಮ ಎದ್ದಿದೆ. ಎಲ್ಲ ನೋಡಿಯೇ ಬಂದಿದ್ದೇನೆ. ನೋಡಿಯೂ ಬೇಡ ಅನ್ನುತ್ತಿದ್ದೇನೆ.

ಮಾವ ನಿನಗೆ ಏನು ಹೇಳಿದ್ದಾನೋ ಗೊತ್ತು. ಮೆಷಿನ್‌ಗೆ ವಯಸ್ಸಾಯ್ತು, ಹೋಯ್ತು, ಬಿಡು ಅಂತ. ಮಗಳು ಇಂಜಿನಿಯರಿಂಗ್ ಓದ್ತಾಳಂತೆ, ಒಂದು ಹೊಲಿಗೆ ಮೆಷಿನ್ ಸರಿಮಾಡೋಕಾಗಲ್ವಂತೆ ಅಂತ ನನ್ನ ಎದುರಿಗೇ ನಕ್ಕನಲ್ಲ. ಅವನಿಗೆ ಹೇಳು, ಮೊದಲ ವರ್ಷ ನಮಗೆ ಕಲಿಸುವುದು ಪೆನ್ಸಿಲ್ ಚೂಪು ಮಾಡುವುದು. ಆದರೆ ಇಷ್ಟು ಮಾತ್ರ ನನಗೂ ಅರ್ಥವಾಗಿದೆ: ಮೆಷಿನ್‌ಗೆ ಏನೂ ಆಗಿಲ್ಲ. ಸೂಜಿ ಸರಿ ಇದೆ, ಮೋಟಾರ್ ಸರಿ ಇದೆ, ನೀನು ವಾರಕ್ಕೊಮ್ಮೆ ಎಣ್ಣೆ ಬಿಟ್ಟು ನೋಡಿಕೊಂಡದ್ದಕ್ಕೆ ಒಳಗಿನ ಚಕ್ರಗಳ ಒಂದು ಹಲ್ಲೂ ಸವೆದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಅದು ನೆಟ್ಟಿನ ಮೂಲಕ ಕಂಪನಿಯ ಕಂಪ್ಯೂಟರನ್ನು ಕೇಳುತ್ತದೆ, ಹೊಲಿಯಲಾ ಅಂತ. ಅಲ್ಲಿಂದ ‘ಹೊಲಿ’ ಅಂತ ಉತ್ತರ ಬಂದ ಮೇಲೇ ಸೂಜಿ ಆಡುತ್ತದೆ. ಈ ಮಾಡೆಲ್ ಮಾಡುವುದನ್ನು ನಿಲ್ಲಿಸಿದ ಕಂಪನಿ, ಉತ್ತರ ಹೇಳುವ ಆ ಕಂಪ್ಯೂಟರನ್ನೂ ಆಫ್ ಮಾಡಿತು. ಸ್ಕ್ರೀನಿನ ಮೇಲೆ ಆ ಚಕ್ರ ಸುಮ್ಮನೆ ತಿರುಗುತ್ತಿದ್ದುದು ಅದಕ್ಕೇ. ಗೇಟ್ ಪಾಸ್ ಕೇಳಿಕೊಂಡು ನಾನು ವಾರ್ಡನ್ ಕೋಣೆಯ ಮುಂದೆ ನಿಲ್ಲುತ್ತಿದ್ದೆನಲ್ಲ, ಹಾಗೆ. ವಾರ್ಡನ್ ಕೆಲಸ ಬಿಟ್ಟು ಹೋಗಿದ್ದಾರೆ. ಗೇಟಿಗೆ ಬೀಗ ಮಾತ್ರ ಹಾಗೇ ಇದೆ.

ಕಂಪನಿಗೆ ಫೋನ್ ಮಾಡಿದ್ದೆ ಅಂತ ನಿನಗೆ ಹೇಳಿರಲಿಲ್ಲ. ಒಬ್ಬಳು ಬಲು ಸಿಹಿಯಾಗಿ, ನಿಮ್ಮ ಮಾಡೆಲ್ ನಿವೃತ್ತಿ ಆಗಿದೆ ಮೇಡಂ, ಅದಕ್ಕೆ ಈಗ ಸಪೋರ್ಟ್ ಇರಲ್ಲ ಅಂದಳು. ನನಗೆ ಸಪೋರ್ಟ್ ಬೇಡ, ಬೀಗ ತೆಗೆದುಕೊಟ್ಟರೆ ಸಾಕು ಅಂದೆ. ಬೀಗ ತೆಗೆಯೋದು ಸಪೋರ್ಟ್‌ನಲ್ಲೇ ಬರುತ್ತೆ ಮೇಡಂ ಅಂದಳು. ಆಮೇಲೆ, ನನ್ನ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ ಅಂತ ಕೇಳಿದಳು. ನನಗೆ ವಿಪರೀತ ಸಿಟ್ಟು ಬಂದಿತ್ತು. ಐದಕ್ಕೆ ಐದು ಕೊಟ್ಟೆ. ನಾನು ಇರುವುದೇ ಹೀಗೆ, ಏನು ಮಾಡುವುದು.

ಕಾಲೇಜಿನಲ್ಲಿ ಹಾಳಾದ ಸಾಮಾನು ರಿಪೇರಿ ಮಾಡುವ ಒಂದು ಗುಂಪು ಇದೆ. ಅದರ ಹಿರಿಯನನ್ನು ನಾವೆಲ್ಲ ಸೋಲ್ಡರಣ್ಣ ಅನ್ನುತ್ತೇವೆ. ಅವನ ಹತ್ತಿರ ಹೋಗಿ ನಿಂತರೆ ಸುಟ್ಟ ತವರದ ವಾಸನೆ. ಅವನಿಗೆ ಫೋಟೋ ತೋರಿಸಿದೆ. ಇದನ್ನ ಬಿಚ್ಚೋಕೆ ಬೇಕಾಗಿರೋದು ಒಂದು ಉದ್ದನೆ ನಂಬರು ಅಷ್ಟೇ, ಅದು ಕಂಪನಿ ಹತ್ರ ಇದೆ, ಅವರು ಅದನ್ನ ಹೊರಗೆ ಬಿಟ್ರೆ ಟೀ ತಣ್ಣಗಾಗೋದ್ರೊಳಗೆ ನಿಮ್ಮಮ್ಮನ ಮೆಷಿನ್ ಹೊಲಿಯುತ್ತೆ ಅಂದ. ಹಾಗಾದರೆ ಯಾಕೆ ಬಿಡಲ್ಲ ಅಂತ ಕೇಳಿದೆ. ಹೊಸದು ಯಾರು ತಗೋತಾರೆ ಪುಟ್ಟಿ ಅಂದ.

ಅವತ್ತಿನಿಂದ ನನ್ನ ತಲೆ ಕೆಟ್ಟಿದೆ, ಅಮ್ಮ. ದುಡ್ಡು ಕೊಟ್ಟು ತಂದವಳು ನೀನು. ಒರೆಸಿ, ಎಣ್ಣೆ ಬಿಟ್ಟು, ಅದರ ಮೇಲೆ ಹೂವಿನ ಬಟ್ಟೆ ಮುಚ್ಚಿ ಮಲಗಿಸಿದವಳು ನೀನು. ನಿನ್ನ ಕೋಣೆಯಲ್ಲಿ ನಿನ್ನ ಸಾಮಾನು ಕೆಲಸ ಮಾಡಲು ಇನ್ಯಾರೋ ತಲೆಯಾಡಿಸಬೇಕಂತೆ.

ಈಗ ಮುಖ್ಯ ವಿಷಯ. ಇದನ್ನು ಓದುವಾಗ ಎದ್ದು ಹೋಗಬೇಡ.

ಇಂಥ ಸಾಮಾನುಗಳ ಬಗ್ಗೆ ಸರ್ಕಾರ ಒಂದು ನಿಯಮ ತರಬೇಕು ಅಂತಿದೆ. ಯಾವುದೇ ಕಂಪನಿ ಒಂದು ಮಾಡೆಲ್ ನಿಲ್ಲಿಸಿದರೆ ಅದರ ಬೀಗ ತೆಗೆದುಕೊಡಬೇಕು, ಸುಮ್ಮಸುಮ್ಮನೆ ಕಸಕ್ಕೆ ಹಾಕಿಸಬಾರದು ಅಂತ. ಜನ ಬಂದು ಅಭಿಪ್ರಾಯ ಹೇಳಬಹುದು ಅಂದಿದ್ದರು. ಕಳೆದ ವಾರ ನಮ್ಮ ಎಲೆಕ್ಟ್ರಾನಿಕ್ಸ್ ಮೇಡಂ ರಿಪೇರಿ ಗುಂಪಿನವರನ್ನು ಕರೆದುಕೊಂಡು ಹೊರಟರು. ಅಮ್ಮನ ಮೆಷಿನ್ ಕಥೆ ನಿನ್ನದೇ ಅಲ್ವಾ, ನೀನೇ ಹೇಳು ಅಂದರು. ಬೇಡ ಅನ್ನಲು ನನಗೆ ಬರುವುದಿಲ್ಲ.

ದೊಡ್ಡ ಹಾಲ್. ಮುಂದೆ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಕಿರುಚುವ ಮೈಕು. ನಡುವೆ ಕೂತಿದ್ದ ಅಧ್ಯಕ್ಷೆ ವಯಸ್ಸಾದವರು, ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಕಂಪನಿಗಳ ಪರವಾಗಿ ಬಂದಿದ್ದ ಟೈ ಹಾಕಿದ ಒಬ್ಬರು ನನಗಿಂತ ಮೊದಲು ಮಾತಾಡಿದರು. ಏನು ಮೆದು ಮಾತು ಅಂತೀಯ. ನಮಗೆ ಗ್ರಾಹಕರ ಸುರಕ್ಷತೆ ಮುಖ್ಯ, ಬೀಗ ತೆಗೆದ ಮೆಷಿನ್‌ನಲ್ಲಿ ಯಾರೋ ಏನೋ ಸಾಫ್ಟ್‌ವೇರ್ ಹಾಕಿ ಸೂಜಿ ಬೆರಳಿಗೆ ಹೊಕ್ಕರೆ ಹೊಣೆ ಯಾರು ಅಂದರು. ಅಷ್ಟಕ್ಕೂ ಹಳೇ ಮಾಡೆಲ್‌ಗಳು ಈಗ ಜನರ ಹತ್ರ ಉಳಿದೇ ಇಲ್ಲ, ಎಲ್ಲರೂ ಖುಷಿಯಾಗಿ ಕೊಟ್ಟು ಹೊಸದು ತಗೋತಿದ್ದಾರೆ ಅಂದರು.

ನನ್ನ ಸರದಿ ಬಂತು. ನಾನು ಇಂಗ್ಲಿಷಿನಲ್ಲಿ ಬರೆದು, ಬಾತ್‌ರೂಮಿನಲ್ಲಿ ನಿಂತು ಪ್ರಾಕ್ಟೀಸ್ ಮಾಡಿಕೊಂಡು ಹೋಗಿದ್ದೆ. ಮೊದಲ ಸಾಲು ಓದುವಷ್ಟರಲ್ಲಿ ಅಧ್ಯಕ್ಷೆ ಕೈ ಎತ್ತಿ, ಮನೇಲಿ ಹೇಗೆ ಮಾತಾಡ್ತೀಯೋ ಹಾಗೇ ಹೇಳಮ್ಮ, ಸಾಕು ಅಂದರು. ಆಗ ಇಂಗ್ಲಿಷೂ ಹೋಯಿತು, ಕನ್ನಡವೂ ಬರಲಿಲ್ಲ. ಎರಡು ಬಸ್ಸೂ ತಪ್ಪಿಸಿಕೊಂಡವಳ ಹಾಗೆ ನಿಂತೆ. ಮೈಕಿನಲ್ಲಿ ನನ್ನ ಉಸಿರು ಇಡೀ ಹಾಲಿಗೆ ಕೇಳಿಸುತ್ತಿತ್ತು.

ಭಯವಾದಾಗ ನಾನು ಏನು ಮಾಡುತ್ತೇನೆ ಅಂತ ನಿನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಎಡ ಜೇಬಿಗೆ ಕೈ ಹಾಕಿದೆ. ಲ್ಯಾಬ್ ಕೋಟ್ ಹಾಕಿಕೊಂಡಿದ್ದೆ, ಈ ವರ್ಷದ ಹೊಸದು. ಒಳಗೆ ಬೆರಳಾಡಿಸಿದರೆ ಏನೂ ಇಲ್ಲ. ನುಣ್ಣಗೆ ಬಟ್ಟೆ.

ಮೆಷಿನ್ ನಿಂತ ಮೇಲೆ ತಂದ ಕೋಟು ಅದು. ಅಳಿಲು ಎಲ್ಲಿಂದ ಬರಬೇಕು.

ಅಲ್ಲಿಂದ ನನಗೇ ಗೊತ್ತಿಲ್ಲದ ಹಾಗೆ ಮಾತು ಹೊರಟಿತು, ಅಮ್ಮ. ಜೇಬನ್ನು ಹೊರಗೆ ಎಳೆದು ತೋರಿಸಿದೆ. ಇಲ್ಲೊಂದು ಅಳಿಲು ಇರಬೇಕಿತ್ತು ಅಂದೆ. ಸ್ಕೂಲ್ ಹಾಸ್ಟೆಲಿನ ಒಗೆಯುವ ಕೋಣೆಯಲ್ಲಿ ನನ್ನ ಬಟ್ಟೆಯೆಲ್ಲ ಕಳೆಯುತ್ತಿದ್ದದ್ದು, ಗುರುತಿಗೆ ನೀನು ಅಳಿಲು ಹೊಲಿದದ್ದು, ಅವಸರದಲ್ಲಿ ಒಂದು ಕಿವಿ ಮರೆತು, ಅಷ್ಟೂ ಬಟ್ಟೆ ಹೊಲಿದಾದ ಮೇಲೆ ನೋಡಿಕೊಂಡದ್ದು, ಅವತ್ತಿನಿಂದ ನಾನು ಎಲ್ಲರಿಗೂ ಒಂಟಿಕಿವಿ ಆದದ್ದು, ಎಲ್ಲ ಹೇಳಿದೆ. ವಾರ್ಡನ್ ಕಾಗದ ಓದುತ್ತಾರೆ ಅಂತ ನಾನು ಬರೀ ‘ಆರಾಮ’ ಅಂತ ಬರೆಯುತ್ತಿದ್ದೆ. ನೀನು ಉತ್ತರವನ್ನು ಅಳಿಲಿನ ಕೆಳಗೆ, ಜೇಬಿನ ಒಳಗೆ ಹೊಲಿದು ಕಳಿಸುತ್ತಿದ್ದೆ. ‘ಅಳೋದಾದ್ರೆ ಅಳು, ಊಟ ಬಿಡಬೇಡ.’ ಪ್ರಾರ್ಥನೆಗೆ ನಿಂತಾಗ ನಾನು ಅದನ್ನು ಬೆರಳಲ್ಲೇ ಓದುತ್ತಿದ್ದೆ. ಯಾವ ವಾರ್ಡನ್ನೂ ಜೇಬಿನ ಒಳಗೆ ನೋಡಲಿಲ್ಲ. ಅದನ್ನೂ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದೆ, ಬೈಯಬೇಡ.

ಟೈ ಹಾಕಿದವರ ಕಡೆ ತಿರುಗಿದೆ. ಬೀಗ ಇದ್ದಾಗಲೂ ನಮ್ಮಮ್ಮನ ಬೆರಳಿಗೆ ಸೂಜಿ ಹೊಕ್ಕಿದೆ ಸರ್, ಆಗ ಸುರಕ್ಷತೆಯವರು ಯಾರೂ ಬ್ಯಾಂಡೇಜ್ ಹಿಡ್ಕೊಂಡು ಬರಲಿಲ್ಲ ಅಂದೆ. ಹಿಂದಿನ ಸಾಲಿನವರೆಲ್ಲ ನಕ್ಕರು. ನಾನು ಅತ್ತೆ. ಕರ್ಚೀಫ್ ಇರಲಿಲ್ಲ, ಆ ಜೇಬಿನಲ್ಲೇ ಮೂಗು ಒರೆಸಿಕೊಂಡೆ. ಇಷ್ಟೇ ನನ್ನ ಭಾಷಣ.

ಅಧ್ಯಕ್ಷೆ ನಗಲಿಲ್ಲ. ವಾಪಸ್ ತಗೊಂಡ ಮೆಷಿನ್‌ಗಳನ್ನ ಏನು ಮಾಡ್ತೀರಿ ಅಂತ ಟೈ ಹಾಕಿದವರನ್ನು ಕೇಳಿದರು. ಜವಾಬ್ದಾರಿಯುತ ವಿಲೇವಾರಿ ಅಂದರು ಅವರು. ಅರ್ಥ ಆಗೋ ಹಾಗೆ ಹೇಳಿ ಅಂದರು ಇವರು. ಪುಡಿ ಮಾಡ್ತೀವಿ ಅಂದರು. ಕೆಟ್ಟಿರೋದನ್ನೂ, ಚೆನ್ನಾಗಿರೋದನ್ನೂ? ಎಲ್ಲಾನೂ ಮೇಡಂ.

ಅರ್ಥವಾಯಿತಾ ಅಮ್ಮ? ನಿಯಮ ಬಂದರೂ ಅದು ಸಾಮಾನು ಇನ್ನೂ ಇಟ್ಟುಕೊಂಡವರಿಗೆ. ಲಾರಿಯಲ್ಲಿ ಹೋದದ್ದಕ್ಕೆ ಯಾವ ಬೀಗ ತೆಗೆಯುತ್ತಾರೆ. ಜನ ಖುಷಿಯಾಗಿ ಕೊಡುತ್ತಿದ್ದಾರಂತೆ. ನಿನ್ನ ಹೆಬ್ಬೆರಳು ನೋಡಿ ಹೇಳಲಿ ಆ ಮಾತು.

ಮುಂದಿನ ತಿಂಗಳು ಇನ್ನೊಂದು ಸಭೆ ಇದೆ. ನಿಂತುಹೋದ ಮೆಷಿನ್ ಒಂದನ್ನು ತರಬೇಕು, ಕಂಪನಿಯವರು ನಮ್ಮೆದುರೇ ಅದರ ಬೀಗ ತೆಗೀಲಿ, ಆಮೇಲೆ ಅಪಾಯ ಎಲ್ಲಿದೆ ಅಂತ ತೋರಿಸಲಿ ಅಂದರು ಅಧ್ಯಕ್ಷೆ. ಅಮ್ಮನದು ತರ್ತೀಯಾ ಅಂತ ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಅಲ್ಲೂ ಬಂದದ್ದು ‘ಹೂಂ’ ಅನ್ನುವುದೇ.

ಬಟ್ಟೆ ಒಗೆಯೋಕೆ ಅಂತ ಗುರುವಾರ ಇದ್ದಕ್ಕಿದ್ದಂತೆ ಮನೆಗೆ ಬಂದದ್ದು ಇದನ್ನು ಹೇಳಲು. ಬಾಗಿಲು ತೆಗೆಯುತ್ತಲೇ ನೀನು ಹೊಸ ಮೆಷಿನ್‌ನ ಬಣ್ಣದ ಕಾಗದ ತೋರಿಸಿದೆ. ಹಳೇದು ಕೊಡ್ತೀನಿ ಅಂತ ಸಹಿ ಹಾಕಿದೀನಿ ಕಣೇ, ಇನ್ಮೇಲೆ ತಲೆನೋವಿಲ್ಲ ಅಂದೆ. ಎಷ್ಟು ದಿನದ ಮೇಲೆ ನಿನ್ನ ಮುಖದಲ್ಲಿ ಆ ನಗು ನೋಡಿದ್ದೆ ಅಂದರೆ, ಬಂದ ವಿಷಯ ಬಿಟ್ಟು ಬಟ್ಟೆ ನೆನೆಹಾಕಲು ಹೋದೆ. ನೀನು ಸ್ನಾನಕ್ಕೆ ಹೋದಾಗ ಆ ಕಾಗದದ ಸಣ್ಣ ಅಕ್ಷರ ಓದಿದೆ. ಹೊಸ ಮೆಷಿನ್ನೂ ಸ್ವಿಚ್ ಹಾಕಿದಾಗಲೆಲ್ಲ ಕಂಪನಿಯನ್ನು ಕೇಳುತ್ತದೆ, ಅಮ್ಮ. ಅದಕ್ಕೂ ನಿವೃತ್ತಿ ಬರುತ್ತದೆ.

ನಿನ್ನೆ ಫೋನಿನಲ್ಲಿ ನೀನು, ಈಗ ಸ್ಕ್ರೀನಿನ ದೀಪವೂ ಬರ್ತಿಲ್ಲ, ಚಕ್ರವೂ ಇಲ್ಲ, ಪೂರ್ತಿ ಸತ್ತೋಯ್ತು, ದೀಪ ಹತ್ತದಿದ್ರೆ ಲಾರಿಯವರು ತಗೊಳ್ಳಲ್ವಂತೆ, ನನ್ನ ಹಣೆಬರಹ ನೋಡು ಅಂದಾಗ ನಾನು ‘ಹೌದಾ’ ಅಂದೆ. ಅಷ್ಟೇ ಅಂದೆ.

ಕೋಟುಗಳಿಗೆ ಒಂದು ದಾರಿ ಹುಡುಕಿದ್ದೇನೆ, ಸಿಟ್ಟು ಮಾಡಬೇಡ. ಗುಂಡಿ ಅಂಗಡಿ ಆಂಟಿಯ ಹತ್ತಿರ ಕಂಪ್ಯೂಟರ್ ಇಲ್ಲದ ಹಳೇ ಕಸೂತಿ ಮೆಷಿನ್ ಇದೆಯಲ್ಲ. ನಿನ್ನ ಕತ್ತರಿ ವಾಪಸ್ ಕೊಟ್ಟಿಲ್ಲ ಅಂತ ಜಗಳ ಆದಾಗಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ ಅಂತ ಗೊತ್ತು. ನಾನೇ ಫೋನ್ ಮಾಡಿದೆ. ನಿಮ್ಮಮ್ಮ ಬಂದು ಬಾಯಿಬಿಟ್ಟು ಕೇಳ್ಲಿ, ಕೊಡ್ತೀನಿ ಅಂದರು. ಫೋನ್ ಇಡುವ ಮೊದಲು, ಕೇಳದಿದ್ರೂ ಬರ್ಲಿ, ಮಧ್ಯಾಹ್ನ ಹೇಗೂ ಖಾಲಿ ಇರುತ್ತೆ ಅಂದರು. ಕತ್ತರಿ ಅವರ ಹತ್ತಿರವೇ ಇದೆ. ಅದನ್ನೂ ಹೇಳಿದರು.

ನರ್ಸಕ್ಕ ಕೆಳಗಿಂದ ಕೂಗುತ್ತಿದ್ದಾಳೆ. ಊಟ ಮಾಡು. ಹೆಬ್ಬೆರಳಿಗೆ ಎಣ್ಣೆ ಹಚ್ಚು, ಮೆಷಿನ್‌ಗೆ ಮಾತ್ರ ಅಲ್ಲ.

ಮಾತು ಗಂಟಲಲ್ಲಿ, ಕೈ ಜೇಬಲ್ಲಿ ಇಟ್ಟುಕೊಂಡಿರುವ
ನಿನ್ನ ಒಂಟಿಕಿವಿ

ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಬೇಕಂತಲೇ ಕೊನೆಗೆ ಇಟ್ಟುಕೊಂಡೆ: ಮೆಷಿನ್ ಸತ್ತಿಲ್ಲ. ನೀನು ಸ್ನಾನಕ್ಕೆ ಹೋಗಿದ್ದಾಗ ನಾನು ಓದಿದ್ದು ಸಣ್ಣ ಅಕ್ಷರ ಮಾತ್ರವಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ತೆಗೆದುಕೊಂಡು ಬಂದೆ, ದೀಪ ಹತ್ತದೇ ಇರುವುದು ಅದಕ್ಕೇ. ನಿನ್ನ ಎಲ್ಲ ಡಿಸೈನೂ ಅದರಲ್ಲೇ ಇದೆ. ಈಗ ನನ್ನ ಟ್ರಂಕಿನಲ್ಲಿ, ಹಳೇ ಸ್ಕೂಲ್ ಸ್ವೆಟರಿನಲ್ಲಿ ಸುತ್ತಿಕೊಂಡು ಮಲಗಿದೆ. ಇದೆಲ್ಲ ಓದಿಯೂ ಕೊಟ್ಟೇ ಬಿಡೋಣ ಅನ್ನಿಸಿದರೆ ಫೋನ್ ಮಾಡು. ಮಂಗಳವಾರದ ಬಸ್ಸಿಗೆ ಬಂದು ಮತ್ತೆ ಕೂರಿಸಿ ಕೊಡುತ್ತೇನೆ, ಹೂಂ ಅನ್ನುತ್ತೇನೆ, ಒಂದು ಮಾತೂ ಆಡುವುದಿಲ್ಲ. ಬೈಯುವುದಷ್ಟೇ ಇದ್ದರೆ ಫೋನ್ ಬೇಡ. ಲ್ಯಾಬ್ ಕೋಟನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ, ಒಗೆದಿದ್ದೇನೆ. ಎಡ ಜೇಬು ಖಾಲಿ ಇದೆ, ಎಷ್ಟು ಬೇಕಾದರೂ ಹೊಲಿ, ನಾನು ಬೆರಳಲ್ಲಿ ಓದಿಕೊಳ್ಳುತ್ತೇನೆ. ಅಳಿಲಿಗೆ ಒಂದೇ ಕಿವಿ ಇರಲಿ.