ಅಣ್ಣ ಅರ್ಧಕ್ಕೆ ಬಿಟ್ಟ ವಿಮಾನ

ಮನೆ,
ಭಾನುವಾರ, ಫೆಬ್ರವರಿ ೯

ನನ್ನ ಮುದ್ದಿನ ಮಗಳು ಪಿಟೀಲಿಗೆ,

ಅಪ್ಪನ ಅಕ್ಕರೆ. ನಿನ್ನ ಕಾಗದ ಬಂದು ತಿಂಗಳು ಕಳೆಯಿತು. ಉತ್ತರ ಬರೆಯದ ಈ ಮುದುಕನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿರುತ್ತೀಯೋ. ಬೈಯಿ, ನಿನಗೆ ಆ ಹಕ್ಕಿದೆ. ಫೋನಿನಲ್ಲಿ "ಎಲ್ಲಾ ಚೆನ್ನಾಗಿದೀವಿ" ಅಂದುಬಿಡುತ್ತೇನೆ, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಕಾಗದದಲ್ಲಾದರೆ ಸುಳ್ಳು ಹೇಳಬೇಕಾಗಿಲ್ಲ.

ಚೆನ್ನಾಗಿಲ್ಲ ಕಣೇ. ಅಣ್ಣ ಹೋದ ಮೇಲೆ ಅಮ್ಮ ಹೇಗಾಗಿದ್ದಳು ಅಂತ ನೀನೇ ನೋಡಿ ಹೋಗಿದ್ದೀಯ. ಯಾವುದೋ ಹಾಳು ಜ್ವರಕ್ಕೆ ಬೆಳೆದ ಮಗನನ್ನು ಕೊಟ್ಟು ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಲಗಿದಳೇ. ತಲೆ ಬಾಚಿಕೋ ಅಂದರೆ "ಯಾರಿಗೆ ತೋರ್ಸೋಕೆ?" ಅನ್ನುವಳು. ಏನಾದರೂ ಮಾಡಿ ಅವಳನ್ನು ಆ ಹಾಸಿಗೆಯಿಂದ ಎಬ್ಬಿಸಬೇಕು, ಅದೊಂದೇ ನನ್ನ ತಲೆಯಲ್ಲಿದ್ದುದು. ಅದಕ್ಕೇ ಅವನು ಅರ್ಧಕ್ಕೆ ಬಿಟ್ಟಿದ್ದ ಕಾಗದದ ವಿಮಾನಕ್ಕೆ ಕೈ ಹಾಕಿದೆ.

ಗೊತ್ತಲ್ಲ, ಆ ಬೈಪ್ಲೇನ್. ಮೇಲೊಂದು ಕೆಳಗೊಂದು ರೆಕ್ಕೆ, ತೆರೆದ ಗೂಡಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತು ಹಾರಿಸುತ್ತಿದ್ದ ಮುತ್ತಾತನ ಕಾಲದ ವಿಮಾನ. ಹಳೆಯ ಫೋಟೋಗಳನ್ನು ನೋಡಿ, ಒಂದೊಂದು ಭಾಗವನ್ನೂ ಸಣ್ಣ ಅಳತೆಗೆ ಇಳಿಸಿ, ದಪ್ಪ ಕಾಗದದ ಮೇಲೆ ಅವನೇ ಬರೆದಿದ್ದ. ಬರೆಯುವುದು ಅವನು, ಕತ್ತರಿಸಿ ಅಂಟಿಸುವುದು ನಾನು ಅಂತ ನಮ್ಮ ಒಪ್ಪಂದ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ತಲೆ ನೆರೆಸಿಕೊಂಡವನು ನಾನು. "ಅಪ್ಪಾ, ಇದು ಬೂಟಿನ ಡಬ್ಬ ಅಲ್ಲ" ಅಂತ ರೇಗಿಸುತ್ತಿದ್ದ.

ಅಂಟಿಸಲೆಂದು ಅಂಚಿನಲ್ಲಿ ಬಿಡುವ ಸಣ್ಣ ಪಟ್ಟಿಗೆ ನಾವು ಕಿವಿ ಅನ್ನುತ್ತೇವೆ. ಒಂದೊಂದು ಕಿವಿಯ ಮೇಲೂ ಪೆನ್ಸಿಲಿನಲ್ಲಿ ಅಂಕಿ ಹಾಕಿ, ಪಕ್ಕದಲ್ಲಿ ನನಗೊಂದು ಮಾತು ಗೀಚಿದ್ದ. "ಗೋಂದು ಕಮ್ಮಿ." "ಕನ್ನಡಕ ಹಾಕ್ಕೊಂಡ್ಯಾ?" "ಇಲ್ಲಿ ಅವಸರ ಮಾಡಿದ್ರೆ ಅಷ್ಟೇ ಕಥೆ." ಓದಿ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಊಟದ ಮೇಜಿನ ಮೇಲೆ ಕೆಲಸ ಶುರು ಮಾಡಿದೆ. ಎಂಜಿನ್ನಿನ ಕೊಳವೆಗಳನ್ನು ಹಲ್ಲುಕಡ್ಡಿಗೆ ಸುತ್ತಿ ಮಾಡಿದೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣಬಾರದೆಂದು ಬಣ್ಣ ಹಚ್ಚಿದೆ. ಒಂದು ಮಧ್ಯಾಹ್ನ ನೋಡುತ್ತೇನೆ, ಅಮ್ಮ ಎದ್ದು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ! "ಕತ್ತರಿಸಿದ್ದನ್ನ ನನ್ನ ಕೈಗೆ ಕೊಡಿ" ಅಂದಳು. ಅಂದಿನಿಂದ ದಿನಾ ಬಂದಳು. ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದಳು ಕಣೇ.

ಆದರೆ ಕೊಟ್ಟ ಚೂರನ್ನು ಬೇಗ ವಾಪಸು ಕೊಡುತ್ತಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡುವಳು, ಮಡಿಲಲ್ಲಿಟ್ಟುಕೊಂಡು ಕೂರುವಳು.

"ಕೊಡೇ ಮಾರಾಯ್ತಿ, ಗೋಂದು ಒಣಗ್ತಾ ಇದೆ."

"ಇರ್ರೀ, ಏನ್ ಅವಸರ? ನಾಳೆ ಅಂಟಿಸಿದ್ರಾಯ್ತು."

"ನಾಳೆ ನಾಳೆ ಅಂದ್ರೆ ವಿಮಾನ ಹಾರೋದ್ಯಾವಾಗ?"

ನನಗೋ ಒಳಗೊಳಗೇ ಹಿಗ್ಗು. ಕೆಲಸದ ರುಚಿ ಹತ್ತಿದೆ, ನನ್ನವಳು ನನಗೆ ವಾಪಸು ಸಿಕ್ಕಳು ಅಂದುಕೊಂಡೆ. ಶಿಳ್ಳೆ ಹಾಕಿಕೊಂಡು ಕೆಲಸ ಮಾಡಿದೆ, ಅಷ್ಟು ಖುಷಿಯಲ್ಲಿದ್ದೆ.

ಮೇಲಿನ ರೆಕ್ಕೆ ಕೂರಿಸಲು ಇಬ್ಬರು ಬೇಕು. ಅವಳು ರೆಕ್ಕೆ ಹಿಡಿದುಕೊಂಡಳು, ನಡುವಿನ ಕಂಬಗಳನ್ನು ನಾನು ಒಂದೊಂದಾಗಿ ಅಂಟಿಸಿದೆ. "ಇವತ್ತೇ ಆಗ್ಬೇಕಾ?" ಅಂದಳು. "ಆಗ್ಲೇಬೇಕು" ಅಂದೆ. ಕೊನೆಯ ಕಿವಿ ಒತ್ತಿ ಹಿಡಿದು, "ನೋಡೇ, ನಮ್ಮ ಹುಡುಗನ ಕೆಲಸ ಮುಗಿಸಿಬಿಟ್ವಿ!" ಅಂತ ಕೂಗಿದೆ. ಅವಳು ರೆಕ್ಕೆಯಿಂದ ಕೈ ತೆಗೆದಳು. "ಹೂಂ, ಮುಗಿಸಿಬಿಟ್ರಿ" ಅಂದು ಒಳಗೆ ಹೋದಳು. ಮತ್ತೆ ಅದೇ ಹಾಸಿಗೆ, ಅದೇ ಗೋಡೆ. ಯಾಕೆ ಅಂತ ನಿನ್ನೆ ಬಾಯಿ ಬಿಟ್ಟಳು. ಅದನ್ನು ಈಗಲೇ ಬರೆಯಲು ನನ್ನ ಕೈಲಾಗುತ್ತಿಲ್ಲ, ಸ್ವಲ್ಪ ತಡಿ.

ಬೇರೆ ಸಮಾಚಾರ ಅಂದರೆ, ಸೋರುತ್ತಿದ್ದ ನೀರಿನ ತೊಟ್ಟಿಯನ್ನು ಪ್ಲಂಬರ್ ಬಂದು ಸರಿ ಮಾಡಿದ. ಎದುರು ಮನೆಯ ಮೇಡಂ ನಿನ್ನನ್ನು ಕೇಳಿದರು. ನನ್ನ ಮಂಡಿ ನೋವು ಹಾಗೇ ಇದೆ, ಅದು ನನ್ನನ್ನು ಬಿಟ್ಟು ಹೋಗುವ ಪೈಕಿ ಅಲ್ಲ. ನೀನು ಹೊತ್ತು ಹೊತ್ತಿಗೆ ತಿನ್ನು, ರಾತ್ರಿ ಪಾಳಿ ಇದ್ದ ದಿನ ಹಗಲು ನಿದ್ದೆ ಮಾಡು. ನೂರು ಕಾಲ ತಣ್ಣಗೆ ಬಾಳು ನನ್ನ ತಾಯಿ.

ಇಂತೀ ನಿನ್ನ
ಅಪ್ಪ

ತಾ.ಕ.: ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಅವನ ಕೈಬರಹ ಅಂತ ಈ ಮನೇಲಿ ಇದ್ದಿದ್ದು ಆ ಕಿವಿಗಳ ಮೇಲಿಂದೊಂದೇ ರೀ. ಒಂದೊಂದಕ್ಕೂ ಗೋಂದು ಬಳಿದು ಒಳಗೆ ಮುಚ್ಚಿಬಿಟ್ರಿ. ನಾನು ಓದ್ಕೊಂಡು ಓದ್ಕೊಂಡು ನಿಮ್ಮ ಕೈಗೆ ಕೊಡ್ತಿದ್ದೆ."

"ಮೊದ್ಲೇ ಹೇಳ್ಬಾರದಿತ್ತೇನೇ?" ಅಂದೆ.

"ಎಷ್ಟೋ ದಿನದ ಮೇಲೆ ಶಿಳ್ಳೆ ಹಾಕ್ತಿದ್ರಿ. ಹೇಗೆ ಹೇಳ್ಲಿ?"

ಮನೆಯೆಲ್ಲ ಜಾಲಾಡಿದೆ. ಸ್ಕೂಲಿನ ಪುಸ್ತಕಗಳು ಮನೆ ಬದಲಿಸುವಾಗಲೇ ಹೋದವು, ದೊಡ್ಡವನಾದ ಮೇಲೆ ಎಲ್ಲವನ್ನೂ ಟೈಪ್ ಮಾಡುತ್ತಿದ್ದ. ಬ್ಲೇಡು ತಂದು ಬಾಲದ ಒಂದು ಕಿವಿ ಬಿಡಿಸಿ ನೋಡಿದೆ. ಕಾಗದ ಪದರ ಪದರವಾಗಿ ಹರಿದು ಬಂತು, ಅಕ್ಷರವೂ ಅದರ ಜೊತೆಗೇ ಹೋಯಿತು. ಅಮ್ಮ ನನ್ನ ಕೈ ಹಿಡಿದು ಬ್ಲೇಡು ಕಿತ್ತುಕೊಂಡಳು.

ನಿನ್ನ ಹತ್ತಿರ ಏನಾದರೂ ಇದೆಯಾ ಮಗಳೇ? ಅವನು ಕೊಟ್ಟ ಯಾವುದಾದರೂ ಪುಸ್ತಕದ ಮೊದಲ ಪುಟ, ನಿನಗೆ ಕಳಿಸಿದ ಪಾರ್ಸೆಲ್ಲಿನ ಮೇಲಿನ ವಿಳಾಸ? ಹುಡುಕಿ ಅಮ್ಮನ ಹೆಸರಿಗೆ ಕಳಿಸು. ಬರೀ ಒಂದು ಅಂಕಿ ಇದ್ದರೂ ಸಾಕು.