ಪಟ್ಟಿಯಲ್ಲಿ ಬಿಟ್ಟ ಹೆಸರು

೧. ಬರೆದವನು: ಸಿದ್ಧಲಿಂಗಪ್ಪ, ನಿವೃತ್ತ ಅರ್ಜಿ ಬರಹಗಾರ, ಕಡೂರು, ರಕ್ತದಾನಿಗಳ ಸಂಘದ ಅಧ್ಯಕ್ಷ.
೨. ಯಾರಿಗೆ: ರುದ್ರಪ್ಪ, ಕಾಂಪೌಂಡರ್, ತರೀಕೆರೆ, ಸದರಿ ಸಂಘದ ಸ್ಥಾಪಕ, ಈಗ ದಿವಂಗತ.
೩. ವಿಷಯ: ಸಂಘದ ಸರ್ವರ್ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗುವ ಹಕ್ಕನ್ನು ಐವರಿಗೆ ಸೀಮಿತಗೊಳಿಸಿದ್ದು, ಮತ್ತು ಅದರಲ್ಲಿ ನನ್ನಿಂದಾದ ತಪ್ಪು.

ಗೆಳೆಯ ರುದ್ರಪ್ಪ,

"ಲೇ ಸಿದ್ಧ, ಕಾಫಿ ಕೇಳೋಕೂ ಅರ್ಜಿ ಹಾಕ್ತೀಯಲ್ಲೋ" ಎಂದು ನೀನು ಹಂಗಿಸುತ್ತಿದ್ದುದು ನೆನಪಾಗುತ್ತದೆ. ಏನು ಮಾಡಲಿ? ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಹಳೆಯ ಅರ್ಜಿಗಳನ್ನು ನಕಲು ಮಾಡಿ ಕಲಿತ ಕೈ ಇದು. ತಪ್ಪೊಪ್ಪಿಗೆಯನ್ನೂ ಹೀಗೆಯೇ ಬರೆಯುತ್ತದೆ.

ದಾನಿಗಳ ಹೆಸರು, ರಕ್ತದ ಗುಂಪು ಬರೆದಿಡುತ್ತಿದ್ದ ನಿನ್ನ ಉದ್ದನೆಯ ನೋಟ್‌ಬುಕ್ಕನ್ನು, ನೀನು ಹೋದ ಮೇಲೆ, ನಿನ್ನ ಮಗಳು ಪುಷ್ಪ ಕಂಪ್ಯೂಟರಿಗೆ ಏರಿಸಿದಳು. ಸರ್ವರ್ ಇರುವುದು ತರೀಕೆರೆಯ ಸಂಘದ ಕೋಣೆಯಲ್ಲಿ. ಅವಳು ಅಜ್ಜಂಪುರದ ತನ್ನ ಮನೆಯಿಂದಲೇ ಅದರೊಳಗೆ ಹೋಗಿ, ಯಾವ ಆಸ್ಪತ್ರೆ ಕೇಳಿದರೂ ಕ್ಷಣದಲ್ಲಿ ದಾನಿಯನ್ನು ಹುಡುಕಿಕೊಡುತ್ತಿದ್ದಳು. ಹಾಗೆ ಒಳಹೋಗುವ ಅವಕಾಶ ಸದಸ್ಯರೆಲ್ಲರಿಗೂ ಇತ್ತು. ಕೆಟ್ಟದ್ದು ಅಲ್ಲಿಯೇ.

ಚೌಳಹಿರಿಯೂರಿನ ತಂದೆಯೊಬ್ಬ ನನ್ನ ಮನೆಬಾಗಿಲಿಗೆ ಬಂದ ದಿನ ಮರೆಯಲಾರೆ. "ನನ್ ಮಗ್ಳು ರಕ್ತ ಕೊಟ್ಟಿದ್ದೇ ತಪ್ಪಾಯ್ತೇನ್ರೀ? ಯಾವನ್ಯಾವನೋ ಫೋನ್ ಮಾಡಿ ಕಾಡ್ತಾವ್ನೆ" ಎಂದ. ಯಾರೋ ಒಳಹೊಕ್ಕು ದಾನಿಗಳ ನಂಬರು ಹೊರಗೆ ಕೊಟ್ಟಿದ್ದರು. ಇನ್ನು ಮುಂದೆ ಗೊತ್ತುಪಡಿಸಿದವರಿಗಷ್ಟೇ ಪ್ರವೇಶ ಎಂದು ಸಮಿತಿ ತೀರ್ಮಾನಿಸಿತು. ಪಟ್ಟಿ ಬರೆಯುವ ಹೊಣೆ ನನ್ನದು. ನಾನು ಸಮಿತಿಯ ಐವರ ಹೆಸರನ್ನು ಹಿರಿತನದ ಕ್ರಮದಲ್ಲಿ ಬರೆದೆ.

ಸರ್ವರ್ ನೋಡಿಕೊಳ್ಳುವ ತರೀಕೆರೆಯ ಮೆಕ್ಯಾನಿಕ್ ಮರುದಿನವೇ ಫೋನು ಮಾಡಿದ್ದ. "ಸಾರ್, ಪುಷ್ಪಕ್ಕನ ಹೆಸ್ರೇ ಇಲ್ವಲ್ಲ. ಪಟ್ಟೀಲಿ ಇಲ್ದೋರ್ನ ಮಿಷನ್ನು ಒಳಕ್ಕೇ ಬಿಡಲ್ಲ." ನಾನೇನೆಂದುಕೊಂಡೆ ಗೊತ್ತೆ? ಅರ್ಜಿ ಬರೆದುಕೊಟ್ಟವನ ಹೆಸರು ಅರ್ಜಿದಾರರ ಸಾಲಿನಲ್ಲಿ ಬರುವುದಿಲ್ಲ. ಕೆಲಸ ಮಾಡಿಕೊಡುವವಳ ಹೆಸರು ಹಕ್ಕುದಾರರ ಸಾಲಿನಲ್ಲಿ ಏಕೆ ಬರಬೇಕು? "ಬರ್ದಿರೋದಷ್ಟು ಮಾಡಪ್ಪಾ" ಎಂದು ಫೋನು ಇಟ್ಟೆ.

ಕಳೆದ ವಾರ, ಪಟ್ಟಿ ಜಾರಿಗೆ ಬಂದ ಬೆನ್ನಲ್ಲೇ, ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಂತಿಲ್ಲ, ಓ ನೆಗೆಟಿವ್ ಬೇಕು ಎಂದು ಆಸ್ಪತ್ರೆಯಿಂದ ಕರೆ. ಪುಷ್ಪಳಿಗೆ ಫೋನಾಯಿಸಿದರೆ ಅವಳು ಆಗಲೇ ತರೀಕೆರೆಯ ಬಸ್ಸಿನಲ್ಲಿದ್ದಳು. ಅವಳಿಗೂ ಕರೆ ಹೋಗಿತ್ತು. ಲಾಗಿನ್ ಆಗಲಿಲ್ಲವೆಂದು, ಸರ್ವರ್ ಕಂಪ್ಯೂಟರೇ ಕೆಟ್ಟಿರಬೇಕೆಂದುಕೊಂಡು, ಲ್ಯಾಪ್‌ಟಾಪನ್ನೂ ಬಿಟ್ಟು ಓಡಿಬಂದಿದ್ದಳು.

"ಪಟ್ಟೀಲಿ ನನ್ ಹೆಸ್ರು ಇದೆ ತಾನೆ, ದೊಡ್ಡಪ್ಪ?"

"ಸಮಿತಿಯ ಐವರದ್ದಷ್ಟೇ ಬರ್ದೆ ಕಣೇ" ಎಂದೆ.

"ಆಯ್ತು. ಮೆಕ್ಯಾನಿಕ್ ಫೋನ್ ಎತ್ತುತ್ತಿಲ್ಲ. ನೀವೇ ಹೋಗ್ಬೇಕು ಒಳಕ್ಕೆ. ನಿಮ್ಮ ಪಾಸ್‌ವರ್ಡ್ ಚೀಟಿ ತಗೊಳ್ಳಿ."

ಸೊಸೆಯ ಲ್ಯಾಪ್‌ಟಾಪಿನ ಮುಂದೆ ಕೂತೆ. ಪಟ್ಟಿಯಲ್ಲಿದ್ದ ಉಳಿದ ನಾಲ್ವರೂ ನನ್ನಂಥವರೇ. ಪಾಸ್‌ವರ್ಡ್ ಚೀಟಿಯನ್ನು ಬೀರುವಿನಲ್ಲಿಟ್ಟು ಒಮ್ಮೆಯೂ ಒಳಗೆ ಹೋಗದವರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

"ಏನೂ ಕಾಣ್ತಿಲ್ಲ ಕಣೇ."

"ಪಾಸ್‌ವರ್ಡ್ ಕಾಣಲ್ಲ ದೊಡ್ಡಪ್ಪ. ಕಾಣ್ದೇ ಇದ್ರೂ ಬೀಳ್ತಿರುತ್ತೆ. ಒತ್ತಿ."

ಎರಡು ಸಲ ತಪ್ಪಾಯಿತು. ಅತ್ತ ಆ ಹೆಂಗಸು... ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಮೊದಲಿನಿಂದ ಒತ್ತತೊಡಗಿದೆ, ರುದ್ರಪ್ಪ. "ನಿಧಾನ. ನಾನು ಇಲ್ಲೇ ಇದೀನಿ" ಎಂದಳು ನಿನ್ನ ಮಗಳು. ಮೂರನೆಯ ಸಲ ಬಾಗಿಲು ತೆರೆಯಿತು. ಸಿಂಗಟಗೆರೆಯ ದಾನಿಯೊಬ್ಬ ಅಂಗಡಿ ಮುಚ್ಚಿ ಬೈಕಿನಲ್ಲಿ ಹೊರಟ. ತಾಯಿ ಉಳಿದಳು. ಆದರೆ ಒಂದು ಗಂಟೆ ಹಾಳಾಗಿತ್ತು, ಆ ಒಂದು ಗಂಟೆ ನನ್ನದು.

ಆ ಒಂದು ಗಂಟೆ ತಡವಾದದ್ದೇಕೆಂದು ವಿಚಾರಿಸಲು ಭಾನುವಾರ ಸಭೆ ಸೇರಿತು. "ಹೆಣ್ಮಗಳ ಕೈಗೆ ಮಿಷನ್ನು ಕೊಟ್ರೆ ಇನ್ನೇನಾಯ್ತದೆ? ಬೇರೆಯೋರ್ನ ಇಟ್ಕೊಳ್ಳಾಣ" ಎಂದರು ಉಪಾಧ್ಯಕ್ಷರು. ಎಲ್ಲರೂ ನನ್ನ ಕಡೆ ನೋಡಿದರು. ಪಟ್ಟಿಯ ಮೂಲ ಪ್ರತಿ ನನ್ನ ಜೇಬಿನಲ್ಲೇ ಇತ್ತು. "ಪರಿಶೀಲಿಸೋಣ" ಎಂದೆ. ಅಷ್ಟೇ ಎಂದೆ. ಎಲ್ಲ ತಿಳಿದಿದ್ದ ಪುಷ್ಪ ಪಟ್ಟಿಯ ಮಾತೆತ್ತಲಿಲ್ಲ. "ದೊಡ್ಡಪ್ಪ ಹೇಳ್ದಂಗೆ ಆಗ್ಲಿ" ಎಂದು ಎದ್ದುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನಿದ್ದಿದ್ದರೆ ನನ್ನ ಮುಖ ನೋಡುತ್ತಿದ್ದೆಯಾ?

ನಾಳೆ ಮತ್ತೆ ಸಭೆ. ಅವಳನ್ನು ಕೈಬಿಡುವ ನಿರ್ಣಯದ ಕರಡು ನನ್ನ ಸಹಿಗಾಗಿ ಮೇಜಿನ ಮೇಲಿದೆ. ನಾನು ಸಹಿ ಹಾಕಿಲ್ಲ. ಅದರ ಬದಲು ಮೇಲೆ ಬರೆದುದರ ನಕಲನ್ನು ಇಂದು ಬೆಳಿಗ್ಗೆಯೇ ಸಮಿತಿಯ ಉಳಿದ ನಾಲ್ವರ ಮನೆಗೂ ಮುಟ್ಟಿಸಿದ್ದೇನೆ. ನಾಳೆ ನಿಂತು ಓದುವವನೂ ನಾನೇ. ಪುಷ್ಪಳಿಗೆ ತಿಳಿಸಿಲ್ಲ. ಅಲ್ಲಿಯೇ ಕೇಳಲಿ, ಎಲ್ಲರೆದುರು. ಹೊಸ ಪಟ್ಟಿಯನ್ನು ಅವಳೇ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ನನ್ನ ಹೆಸರು ಇರಬೇಕೋ ಬೇಡವೋ ಎಂಬುದನ್ನು ನಿನ್ನ ಮಗಳು ನಿರ್ಧರಿಸುತ್ತಾಳೆ.

ಇಂತಿ,
(ಸಹಿ) ಸಿದ್ಧಲಿಂಗಪ್ಪ
ಕಡೂರು

ಅಡಕ: ಐವರ ಹೆಸರಿರುವ ಪಟ್ಟಿ, ನನ್ನ ಕೈಬರಹದ ಮೂಲ ಪ್ರತಿ, ಒಂದು ಹಾಳೆ.