ಫೋಟೋಗೆ ಅಡ್ಡ ಬಂದ ಕಪ್ಪು ಲಂಗ

ಕಣಿವೆಯ ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಗಂಡ ಸತ್ತು ಎರಡೇ ತಿಂಗಳಾಗಿದ್ದ ನನ್ನ ತಂಗಿ ಫೆರ್ಮಿನಾಳ ಮೈಮೇಲಿನ ಕಪ್ಪು ಬಟ್ಟೆಯನ್ನು ನಿಮ್ಮ ಕಚೇರಿ ಬಿಚ್ಚಿಸಿತು. ಅವಳು ಮಾಡಿದ ಅಪರಾಧವೆಂದರೆ ಫೋಟೋಗೆ ಅಡ್ಡ ಬಂದದ್ದು. ಮುಚ್ಚಿದ ಲಕೋಟೆಯಲ್ಲಿ ಮೂರು ಸಲ ಬರೆದೆ, ನೀವು ಓದಲಿಲ್ಲ. ಈಗ ಊರೇ ಓದಲಿ.

ಮೊದಲು ಅಡ್ಡ ಬಂದದ್ದು ಒಂದು ಕಳ್ಳಿ. ವೀಕ್ಷಣಾ ಕಟ್ಟೆಯ ಕಂಬಿಯಾಚೆ, ಕಾಂಡೋರ್ ಹದ್ದುಗಳು ಕೂರುವ ಬಂಡೆಯನ್ನು ಅದು ಮರೆಮಾಡುತ್ತಿತ್ತಂತೆ. ಕಡಿಯಲು ಫೆರ್ಮಿನಾಳ ಗಂಡ ಬೆನಿಗ್ನೊನನ್ನು ಇಳಿಸಿದಿರಿ. "ಹಗ್ಗ ಸವೆದಿದೆ ಸ್ವಾಮಿ" ಅಂದ ಅವನು. "ಏಯ್, ನೀನೇನು ಹೋರಿಯಷ್ಟು ಭಾರವೇನೋ? ತಡ್ಕೊಳ್ಳತ್ತೆ, ಇಳಿ" ಅಂದರು ನಿಮ್ಮ ಇನ್‌ಸ್ಪೆಕ್ಟರ್. ತಡೆದುಕೊಳ್ಳಲಿಲ್ಲ. ಕಮರಿಯ ಆಳ ಸಾವಿರದ ಇನ್ನೂರು ಮೀಟರ್ ಎಂದು ಫಲಕದಲ್ಲಿ ಹೆಮ್ಮೆಯಿಂದ ಬರೆಸಿದ್ದೀರಲ್ಲ, ಲೆಕ್ಕ ಸರಿಯಾಗಿಯೇ ಇದೆ. ಅವನನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತರಲು ನಮಗೆ ಎರಡು ದಿನ ಹಿಡಿಯಿತು. ಕಳ್ಳಿಯ ಒಂದು ಮುಳ್ಳೂ ಮುರಿಯಲಿಲ್ಲ.

ನಮ್ಮಲ್ಲಿ ಸತ್ತವನ ದಾರಿ ಒಂದು ವರ್ಷದ್ದು. ಅಷ್ಟೂ ದಿನ ಹೆಂಡತಿ ತೊಡುವ ಕಪ್ಪೇ ಅವನಿಗೆ ಜೊತೆ. ವರ್ಷ ತುಂಬಿದ ದಿನ ಬಂಧುಗಳು ಅದನ್ನು ಬಿಚ್ಚಿ, ಹೊಳೆಯಲ್ಲಿ ತೊಳೆದು, ಬಣ್ಣದ ಲಂಗ ಉಡಿಸುತ್ತಾರೆ. ನಡುವೆ ಬಿಚ್ಚಿದರೆ ಅವನು ನಡುದಾರಿಯಲ್ಲೇ ನಿಲ್ಲುತ್ತಾನೆ. ಇದೆಲ್ಲ ನಿಮಗೆ ಮೂಢನಂಬಿಕೆ. ನಮ್ಮ ಕುಣಿತವಾದರೆ ಮಾತ್ರ ಸಂಸ್ಕೃತಿ, ಅಲ್ಲವೇ?

ಅದೇ ಕಟ್ಟೆಯ ಮೇಲೆ ಕಳ್ಳಿಹಣ್ಣು ಮಾರುತ್ತಾ ಕೂತಿದ್ದ ಫೆರ್ಮಿನಾಳ ಮುಂದೆ ನಿಮ್ಮ ಇನ್‌ಸ್ಪೆಕ್ಟರ್ ಬಂದು ನಿಂತರು.

"ಏನಮ್ಮಾ, ಇನ್ನೂ ಎಷ್ಟು ದಿನ ಈ ಕಾಗೆ ವೇಷ? ಜನ ಹದ್ದು ನೋಡೋಕೆ ಬರ್ತಾರೆ, ನಿನ್ನ ಗೋಳು ನೋಡೋಕಲ್ಲ."

"ನನ್ನ ಗಂಡ ಇನ್ನೂ ದಾರೀಲಿದ್ದಾನೆ ಸ್ವಾಮಿ. ವರ್ಷ ತುಂಬ್ಲಿ."

"ಅವನು ನಿಧಾನಕ್ಕೆ ಹೋಗ್ಲಿ ಬಿಡು. ಬಸ್ಸು ಒಂಬತ್ತಕ್ಕೇ ಬರತ್ತೆ. ನಾಳೆ ಬಣ್ಣ ಉಟ್ಕೊಂಡು ಬಾ, ಇಲ್ಲಾಂದ್ರೆ ಜಾಗ ಬೇರೆಯವರಿಗೆ."

ಲಂಗಗಳಿಗೆ ಕಸೂತಿ ಹೊಲಿಯುವುದು ನನ್ನ ಕಸುಬು. ಅವಳು ನೇರ ನನ್ನ ಮನೆಗೆ ಬಂದು ಬಣ್ಣದ ಲಂಗ ಕೇಳಿದಳು. ಆಗಲ್ಲ ಅಂದೆ. "ಹೊಲಿದು ಕೊಡು ಅಣ್ಣಾ. ಬೆನಿಗ್ನೊ ಕಾಯ್ತಾನೆ, ಮಕ್ಕಳ ಹೊಟ್ಟೆ ಕಾಯಲ್ಲ" ಅಂದಳು. ಹೊಲಿದೆ. ಕೆಂಪು, ಹಳದಿ, ಹಸಿರು, ಅಂಚಿಗೆ ಒಂದು ಹದ್ದು. ನನ್ನ ಕೈಗೆ ಹುಳ ಬೀಳಲಿ.

ಮರುದಿನ ಕ್ಯಾಮೆರಾ ಪಕ್ಕ ನಿಂತು, "ನಗಮ್ಮಾ, ನಕ್ಕರೆ ನಿನ್ನ ಗಂಟೇನು ಹೋಗತ್ತೆ?" ಅಂದರಂತೆ ನಿಮ್ಮವರು. ಅವಳು ಹಲ್ಲು ತೋರಿಸಿದಳು. ಆ ಚಿತ್ರ ಈಗ ಪ್ರತಿ ಬಸ್ಸಿನ ಹಿಂದೆ ಇದೆ: "ನಗುವ ಕಣಿವೆಗೆ ಸ್ವಾಗತ." ಅವಳ ಹೆಗಲ ಹಿಂದೆ ಆ ಕಳ್ಳಿಯೂ ಇದೆ. ಕಳ್ಳಿಯಿಂದಲೇ ಚಿತ್ರಕ್ಕೊಂದು ಕಳೆ ಬಂತು ಎಂದು ನೀವೇ ಮೆಚ್ಚಿ ಹೇಳಿದಿರಂತೆ. ಅದನ್ನು ಕೇಳಿದ ದಿನದಿಂದ ಫೆರ್ಮಿನಾ ಮಾತು ಬಿಟ್ಟಿದ್ದಾಳೆ, ಹಣ್ಣು ಮಾತ್ರ ಮಾರುತ್ತಾಳೆ.

ಪರಿಹಾರ ಬೇಡ, ವಿಷಾದಪತ್ರವೂ ಬೇಡ. ಈ ಪತ್ರದ ಜೊತೆ ಒಂದು ಪೊಟ್ಟಣ ಇದೆ. ಫೆರ್ಮಿನಾ ಬಿಚ್ಚಿದ ಕಪ್ಪು ಲಂಗವನ್ನು ಕತ್ತರಿಸಿ ನಿಮಗೊಂದು ಕೋಟು ಹೊಲಿದಿದ್ದೇನೆ. ಪತ್ರಿಕೆಯಲ್ಲಿ ಬಂದ ನಿಮ್ಮ ಚಿತ್ರ ನೋಡಿ ಸೊಂಟಕ್ಕೆ ಎರಡಂಗುಲ ಹೆಚ್ಚೇ ಬಿಟ್ಟಿದ್ದೇನೆ. ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ. ಕಚೇರಿಗೆ, ಔತಣಕ್ಕೆ, ಮಗಳ ಮದುವೆಗೆ, ಎಲ್ಲಿಗೆ ಹೋದರೂ ಇದನ್ನೇ ತೊಡಬೇಕು. ನಡುದಾರಿಯಲ್ಲಿ ನಿಂತವನಿಗೆ ಯಾರಾದರೂ ಜೊತೆ ಬೇಕು. ಅವನನ್ನು ಕಳಿಸಿದವರು ನೀವೇ ತಾನೇ, ನೀವೇ ನಡೆಯಿರಿ.

ಇಂತಿ,
ತಂಗಿಯ ಗಂಡನನ್ನು ಬಣ್ಣದ ನೂಲಿನಿಂದ ಕಟ್ಟಿ ನಿಲ್ಲಿಸಿದ ಪಾಪಿ,
ಕಸೂತಿಯ ಎಲೆಯುಟೇರಿಯೊ